ಅವ್ವನ ಕಾರ್ಯ ಮುಗಿಯಿತು, ಗೆಳತಿಯ ನೆನಪಿಗೆ ಏನು ಮಾಡಲಿ?

ಪ್ರಶ್ನೆ: ನಾನು ರಾಣೆಬೆನ್ನೂರಿನ ಕಡೆಯವಳು. ಮದುವೆಯಾದಾಗಿನಿಂದ ಪುಣೆಯಲ್ಲಿದ್ದೇನೆ, ಐಟಿ ಕಂಪನಿಯಲ್ಲಿ ಕೆಲಸ. ಅವ್ವ ಪ್ರಾಥಮಿಕ ಶಾಲೆಯ ಟೀಚರ್ ಆಗಿ ನಿವೃತ್ತಿಯಾಗಿದ್ದಳು. ಎಂಟು ತಿಂಗಳ ಹಿಂದೆ ಒಂದು ಬೆಳಗಿನ ಜಾವ ಲಕ್ವಾ ಹೊಡೆದು, ಎರಡೇ ದಿನದಲ್ಲಿ ಹೋಗಿಬಿಟ್ಟಳು. ಪ್ರತಿ ರಾತ್ರಿ ಎಂಟೂವರೆಗೆ ನಮ್ಮದು ಫೋನ್ ಇರುತ್ತಿತ್ತು. ಆಫೀಸಿನ ಜಗಳ, ಅತ್ತೆಮನೆಯ ಮಾತು, ನೋಡಿದ ಸೀರಿಯಲ್ಲು, ಎಲ್ಲವೂ. ಅವ್ವ ಹೋದದ್ದಕ್ಕೆ ಎಲ್ಲರೂ ಬಂದು ಮಾತಾಡಿಸಿದರು, ಆದರೆ ರಾತ್ರಿ ಎಂಟೂವರೆಗೆ ಫೋನ್ ಮಾಡುವ ಗೆಳತಿ ಹೋದದ್ದು ನನಗೊಬ್ಬಳಿಗೇ ಗೊತ್ತು. ಲಕ್ವಾ ಹೊಡೆದ ಹಿಂದಿನ ರಾತ್ರಿಯ ಫೋನ್ ನಾನು ಎತ್ತಲಿಲ್ಲ, ಮೀಟಿಂಗ್‌ನಲ್ಲಿದ್ದೆ. ಅವಳ ನಂಬರಿಗೆ ಈಗಲೂ ರೀಚಾರ್ಜ್ ಮಾಡಿಸುತ್ತೇನೆ. ಕಳಿಸಿಕೊಟ್ಟಿದ್ದ ಮಸಾಲಿ ಖಾರದ ಡಬ್ಬಿ ಫ್ರಿಜ್‌ನಲ್ಲಿದೆ, ಮುಗಿದೀತೆಂದು ಮುಟ್ಟುವುದಿಲ್ಲ. ಅವ್ವನ ಜೊತೆ ಕೆಲಸ ಮಾಡಿದ ಗೆಳತಿಯೊಬ್ಬರು ಆಗಾಗ ಫೋನ್ ಮಾಡುತ್ತಾರೆ, ಮಾತಾಡಲು ಧೈರ್ಯ ಬರುವುದಿಲ್ಲ. ವರ್ಷದ ಕಾರ್ಯದೊಳಗೆ ತಿಜೋರಿ ಖಾಲಿ ಮಾಡಬೇಕು ಅಂತ ಅಣ್ಣ ಹೇಳುತ್ತಿದ್ದಾನೆ. ಆರು ವರ್ಷದ ಮಗಳು ಅಜ್ಜಿ ಯಾವಾಗ ಬರುತ್ತಾಳೆ ಅಂತ ಕೇಳುತ್ತಾಳೆ. ಅತ್ತರೆ ‘ಹಿಂಗ ಅಳಬ್ಯಾಡ, ಅವ್ವನ ಜೀವಕ್ಕ ಶಾಂತಿ ಸಿಗೂದಿಲ್ಲ’ ಅನ್ನುತ್ತಾರೆ. ಅವಳ ದನಿ ಮರೆತುಹೋಗುತ್ತಿದೆ ಅನ್ನಿಸಿ ಹೆದರಿಕೆಯಾಗುತ್ತದೆ. ಇದು ಕಾಯಿಲೆಯೇ? ಅವಳನ್ನು ಹೇಗೆ ನೆನಪಿಟ್ಟುಕೊಳ್ಳಲಿ?

ಉತ್ತರ:

ಪತ್ರದ ನಡುವೆ ಒಂದು ಸಾಲು ಬರೆದಿದ್ದೀರಿ: ಗೆಳತಿ ಹೋದದ್ದು ನನಗೊಬ್ಬಳಿಗೇ ಗೊತ್ತು ಅಂತ. ಮಿಕ್ಕ ಪ್ರಶ್ನೆಗಳೆಲ್ಲ ಅದರಿಂದಲೇ ಹುಟ್ಟಿವೆ ಅನ್ನಿಸಿತು, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ತಾಯಿ ಸತ್ತರೆ ಏನು ಮಾಡಬೇಕು ಅನ್ನುವುದು ನಮ್ಮ ಊರುಗಳಿಗೆ ಚೆನ್ನಾಗಿ ಗೊತ್ತು. ಮಣ್ಣಿಗೆ ಯಾರು ಬರಬೇಕು, ಎಷ್ಟನೇ ದಿನ ಏನು ಅಡುಗೆ, ಯಾವ ಹಬ್ಬ ಮಾಡಬಾರದು, ವರ್ಷಕ್ಕೆ ಏನು ಕಾರ್ಯ, ಎಲ್ಲಕ್ಕೂ ಲೆಕ್ಕವಿದೆ. ಆಫೀಸಿನಲ್ಲೂ ಕೆಲವು ದಿನ ರಜೆ ಕೊಡುತ್ತಾರೆ. ಗೆಳತಿ ಸತ್ತರೆ ಮಾತ್ರ ಸೂತಕವಿಲ್ಲ, ರಜೆಯಿಲ್ಲ, ಮಾತಾಡಿಸಲು ಬರುವವರೂ ಇಲ್ಲ. ಸಮಾಜ ಲೆಕ್ಕಕ್ಕೆ ತೆಗೆದುಕೊಳ್ಳದ ಇಂಥ ದುಃಖದ ಬಗ್ಗೆ ದುಃಖದ ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ 1989ರಲ್ಲೇ ಬರೆದರು. ಬಹಿರಂಗವಾಗಿ ಅಳುವ ಹಕ್ಕಿಲ್ಲದವರು ಹೆಚ್ಚು ಕಾಲ ಒದ್ದಾಡುತ್ತಾರೆ ಅನ್ನುವುದು ಅವರ ಮಾತು. ನಿಮ್ಮ ವಿಷಯದಲ್ಲಿ ತಾಯಿಯೂ ಗೆಳತಿಯೂ ಒಬ್ಬಳೇ ಆದದ್ದರಿಂದ ಎರಡನೆಯ ದುಃಖ ಮೊದಲನೆಯದರ ಅಡಿಯಲ್ಲಿ ಹೂತುಹೋಗಿದೆ. ಬಂದವರೆಲ್ಲ ‘ತಾಯಿ ಇಲ್ಲದಂಗಾತು’ ಅಂದರು. ನಿಮಗೆ ದಿನಾ ಚುಚ್ಚುತ್ತಿರುವುದು ಆಫೀಸಿನ ಸುದ್ದಿ ಹೇಳಲು ಯಾರೂ ಇಲ್ಲ ಅನ್ನುವುದು. ನಲವತ್ತರ ಹತ್ತಿರದ ಹೆಂಗಸು ‘ನನ್ನ ಸುದ್ದಿ ಕೇಳೋರು ಯಾರೂ ಇಲ್ಲ’ ಅಂತ ಅತ್ತರೆ ಚಿಕ್ಕತನವಾಗಿ ಕಾಣುತ್ತದೇನೋ ಅನ್ನುವ ಸಂಕೋಚ ಬೇರೆ.

ಕಾಯಿಲೆಯೇ ಅಂತ ಕೇಳಿದ್ದೀರಿ. ಪತ್ರದಲ್ಲಿ ಇರುವಷ್ಟನ್ನು ನೋಡಿದರೆ ಅಲ್ಲ. ಕೆಲಸಕ್ಕೆ ಹೋಗುತ್ತಿದ್ದೀರಿ, ಮಗಳನ್ನು ನೋಡಿಕೊಳ್ಳುತ್ತಿದ್ದೀರಿ, ಅಣ್ಣನ ಜೊತೆ ವಾದ ಮಾಡುವಷ್ಟು ಕಸುವೂ ಇದೆ. ದುಃಖಕ್ಕೆ ಐದು ಹಂತಗಳಿವೆ, ಒಂದಾದ ಮೇಲೊಂದು ದಾಟಿದರೆ ಕೊನೆಗೆ ಒಪ್ಪಿಕೊಳ್ಳುವಿಕೆ ಬರುತ್ತದೆ ಅಂತ ನೀವೂ ಎಲ್ಲಾದರೂ ಓದಿರಬಹುದು. ಮನೋವೈದ್ಯೆ ಎಲಿಸಬೆತ್ ಕೂಬ್ಲರ್ ರಾಸ್ 1969ರಲ್ಲಿ ಆ ಹಂತಗಳನ್ನು ಬರೆದದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಹಿಂದೆ ಉಳಿದವರಿಗೆ ಅದನ್ನು ಅಂಟಿಸಿದ್ದು ಆಮೇಲಿನ ಕಥೆ. ಎಂಟು ತಿಂಗಳಾದರೂ ನಾನಿನ್ನೂ ಯಾವುದೋ ಹಂತದಲ್ಲಿ ಸಿಕ್ಕಿಬಿದ್ದಿದ್ದೇನೆ ಅಂತ ಕೊರಗುವವರು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಅವರಿಗೆ ದುಃಖಕ್ಕಿಂತ ಆ ಪಟ್ಟಿಯದೇ ಕಾಟ ಜಾಸ್ತಿ.

ನಿಜದಲ್ಲಿ ನಡೆಯುವುದನ್ನು ನೆದರ್ಲೆಂಡ್ಸ್‌ನ ಮನೋವಿಜ್ಞಾನಿಗಳಾದ ಮಾರ್ಗರೆಟ್ ಸ್ಟ್ರೂಬೆ ಮತ್ತು ಹೆಂಕ್ ಸ್ಹುಟ್ 1999ರಲ್ಲಿ ಇನ್ನೂ ಚೆನ್ನಾಗಿ ಹೇಳಿದರು. ಕಳೆದುಕೊಂಡವರು ಒಮ್ಮೆ ಹೋದವರ ಕಡೆಗೆ ವಾಲುತ್ತಾರೆ, ಒಮ್ಮೆ ಬದುಕಿನ ಕಡೆಗೆ. ದಿನಕ್ಕೆ ಎಷ್ಟೋ ಸಲ ಈ ಓಲಾಟ ನಡೆಯುತ್ತದೆ. ಹಗಲೆಲ್ಲ ಕೋಡ್ ಬರೆದು, ಮಧ್ಯಾಹ್ನ ಸಹೋದ್ಯೋಗಿಗಳ ಜೊತೆ ನಕ್ಕು, ರಾತ್ರಿ ಎಂಟೂವರೆಗೆ ಬಚ್ಚಲುಮನೆಯ ನಲ್ಲಿ ಬಿಟ್ಟು ಅಳುವುದು ಈ ಲೆಕ್ಕದಲ್ಲಿ ಆರೋಗ್ಯದ ಗುರುತು. ನಕ್ಕದ್ದಕ್ಕೆ ನಾಚಿಕೆಪಡಬೇಡಿ. ಎರಡರಲ್ಲಿ ಒಂದೇ ಕಡೆ ಬಹಳ ಕಾಲ ಸಿಕ್ಕಿಕೊಂಡಾಗ ತೊಂದರೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

‘ಗಟ್ಟಿಯಾಗು, ಮುಂದ ನಡಿ’ ಅನ್ನುವವರ ಬಗ್ಗೆಯೂ ಒಂದು ಮಾತು. ಈ ಸಲಹೆಗೆ ಮನೋವಿಜ್ಞಾನವೂ ಒಂದು ಕಾಲಕ್ಕೆ ಬೆನ್ನು ತಟ್ಟಿತ್ತು. ಹೋದವರಿಂದ ಮನಸ್ಸು ನಿಧಾನವಾಗಿ ಬಿಡಿಸಿಕೊಂಡರೆ ಮಾತ್ರ ದುಃಖದ ಕೆಲಸ ಮುಗಿಯುತ್ತದೆ ಅಂತ 1917ರಲ್ಲಿ ಬರೆದವರು ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್. 1920ರ ಜನವರಿಯಲ್ಲಿ ಅವರ ಮಗಳು ಸೋಫಿ ಇನ್‌ಫ್ಲುಯೆಂಜಾದಿಂದ ತೀರಿಕೊಂಡಳು. ಒಂಬತ್ತು ವರ್ಷಗಳ ಮೇಲೆ, ಅವಳ ಹುಟ್ಟುಹಬ್ಬದ ಹೊತ್ತಿಗೆ, ಮಗನನ್ನು ಕಳೆದುಕೊಂಡಿದ್ದ ಒಬ್ಬ ಗೆಳೆಯನಿಗೆ ಬರೆದ ಕಾಗದದಲ್ಲಿ ಅದೇ ಫ್ರಾಯ್ಡ್, ಆ ಜಾಗಕ್ಕೆ ಬೇರೆ ಏನು ಬಂದರೂ ಅದು ಬೇರೆಯೇ ಆಗಿರುತ್ತದೆ, ಹಾಗೆ ಇರುವುದೇ ಸರಿ ಎಂಬ ಅರ್ಥದ ಮಾತು ಬರೆದರು. ಸಿದ್ಧಾಂತ ಬರೆದಾಗ ಒಂದು ಮಾತು, ಮಗಳು ಹೋದಾಗ ಇನ್ನೊಂದು.

ಅಮೆರಿಕದ ಬಾಸ್ಟನ್ ಕಡೆ ತಂದೆ ಅಥವಾ ತಾಯಿಯನ್ನು ಕಳೆದುಕೊಂಡ 125 ಮಕ್ಕಳನ್ನು ಮಾತಾಡಿಸಿದ ಸಂಶೋಧಕರಿಗೂ ಇದೇ ಕಂಡಿತು. ಮಕ್ಕಳು ಹೋದವರ ಜೊತೆ ಮಾತಾಡುತ್ತಿದ್ದರು, ಅವರ ಸಾಮಾನು ಇಟ್ಟುಕೊಂಡಿದ್ದರು, ಅವರು ಎಲ್ಲಿಂದಲೋ ನೋಡುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. 1996ರಲ್ಲಿ ಡೆನ್ನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್, ಸ್ಟೀವನ್ ನಿಕ್‌ಮನ್ ಸೇರಿ ಸಂಬಂಧ ಮುಗಿಯುವುದಿಲ್ಲ, ರೂಪ ಬದಲಿಸುತ್ತದೆ ಅಂತ ವಾದ ಮಂಡಿಸಿದರು. ಹಳೆ ಮೈಸೂರಿನ ಹಳ್ಳಿಯವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಅಜ್ಜನಿಗೆ ಬೀಡಿ, ಅಜ್ಜಿಗೆ ಎಲೆ ಅಡಿಕೆ ಅಂತ ಅವರವರ ಇಷ್ಟ ನೋಡಿಯೇ ಇಡುತ್ತಾರೆ. ತೀರಿಕೊಂಡು ಮೂವತ್ತು ವರ್ಷವಾದವರಿಗೂ ಏನು ಸೇರುತ್ತಿತ್ತು ಅನ್ನುವುದು ಆ ಮನೆಯ ಸೊಸೆಗೆ ಗೊತ್ತಿರುತ್ತದೆ.

ಅಳುವಿನ ವಿಷಯ. ಕಣ್ಣೀರು ಸತ್ತವರಿಗೆ ತೊಂದರೆ ಕೊಡುತ್ತದೆ ಅನ್ನುವ ಮಾತು ಹಳೆಯ ಧರ್ಮಶಾಸ್ತ್ರದಲ್ಲೂ ಇದೆ, ನಿಮ್ಮ ಬಂಧುಗಳು ಹೊಸದಾಗಿ ಕಟ್ಟಿದ್ದಲ್ಲ. ಆದರೆ ನಿಮ್ಮ ಸೀಮೆಯಲ್ಲೇ ಇದಕ್ಕೆ ಪೂರ್ತಿ ತಿರುಗಿ ನಿಲ್ಲುವ ಇನ್ನೊಂದು ಪದ್ಧತಿ ಇತ್ತು: ಹೆಣ್ಣುಮಕ್ಕಳು ಹಾಡಿಕೊಂಡು ಅಳುವುದು. ನಿಮ್ಮ ಅಜ್ಜಿಯ ತಲೆಮಾರಿನವರು ಶವದ ಮುಂದೆ ಕೂತು ಸತ್ತವಳನ್ನು ನೇರ ಕರೆದು ಮಾತಾಡಿಸುತ್ತ ಅಳುತ್ತಿದ್ದದ್ದನ್ನು ನೀವು ಸಣ್ಣವರಿದ್ದಾಗ ಕೇಳಿರಬಹುದು. ಯಾವ ಸೀರೆ ಉಡುತ್ತಿದ್ದೆ, ಯಾವ ಹೊಲದ ಬದುವಿನಲ್ಲಿ ಕೂತು ಬುತ್ತಿ ಉಂಡೆವು, ನನ್ನ ಬಾಣಂತನದಲ್ಲಿ ಎಷ್ಟು ಒಣಕೊಬ್ಬರಿ ತಂದೆ, ನನ್ನ ಗಂಡ ಬೈದಾಗ ನೀನು ಏನಂದೆ ಅನ್ನುವ ತನಕ ಎಲ್ಲವೂ ಆ ಅಳುವಿನಲ್ಲಿ ಬರುತ್ತಿತ್ತು. ಕೇಳಿದವರಿಗೆ ಸತ್ತವಳ ಇಡೀ ಬದುಕು ಕಣ್ಣಿಗೆ ಕಟ್ಟುತ್ತಿತ್ತು. ತಾಯಿಯೊಳಗಿನ ಗೆಳತಿಗೆ ಸಲ್ಲಬೇಕಾದದ್ದು ಸಲ್ಲುತ್ತಿದ್ದದ್ದು ಅಲ್ಲಿ. ನಾವು ಓದಿದವರಾಗಿ ಅದನ್ನು ಅನಾಗರಿಕ ಅಂತ ಬಿಟ್ಟೆವು, ಅದರ ಜಾಗದಲ್ಲಿ ಸ್ಟೇಟಸ್‌ಗೆ ಒಂದು ಫೋಟೊ, ಕೆಳಗೆ ‘ಓಂ ಶಾಂತಿ’ ಬಂತು. ನೀವು ಹಾಡಿಕೊಂಡು ಅಳಬೇಕು ಅನ್ನುತ್ತಿಲ್ಲ, ಪುಣೆಯ ಅಪಾರ್ಟ್‌ಮೆಂಟಿನಲ್ಲಿ ಅದು ಕಷ್ಟ. ಅವಳನ್ನು ನೇರ ಕರೆದು ಮಾತಾಡುವುದರಲ್ಲಿ ಹುಚ್ಚುತನವಿಲ್ಲ ಅಂತಷ್ಟೇ ಹೇಳುತ್ತಿದ್ದೇನೆ. ಎಂಟೂವರೆಗೆ ಫೋನ್ ಪಕ್ಕಕ್ಕಿಟ್ಟು ‘ಅವ್ವಾ, ಇವತ್ತ ಮ್ಯಾನೇಜರ್ ಏನ್ ಮಾಡಿದ ಗೊತ್ತೇನ’ ಅಂತ ಶುರು ಮಾಡಿ ನೋಡಿ. ಮೊದಲ ದಿನ ಮಾತು ಹೊರಡಲಿಕ್ಕಿಲ್ಲ.

ಎತ್ತದೆ ಹೋದ ಆ ಫೋನಿನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ಆದರೆ ಪತ್ರದುದ್ದಕ್ಕೂ ಅದರ ಭಾರ ಇದೆ. ನಿಮ್ಮ ಮಾತಿನಂತೆ ಅವಳಿಗೆ ಲಕ್ವಾ ಹೊಡೆದದ್ದು ಮರುದಿನ ಬೆಳಗಿನ ಜಾವ. ಆ ರಾತ್ರಿ ಅವಳು ಮಾಡಿದ್ದು ದಿನದ ಫೋನು. ನೀವು ಮೀಟಿಂಗ್‌ನಲ್ಲಿದ್ದಾಗ ಅವಳು ಎಷ್ಟು ಸಲ ಫೋನ್ ಮಾಡಿಲ್ಲ? ನಾಳೆ ಮಾತಾಡಿದರಾಯಿತು ಅಂತ ಎಷ್ಟು ಸಲ ಇಬ್ಬರೂ ಮಲಗಿಲ್ಲ? ಆಮೇಲೆ ನಡೆದದ್ದು ಗೊತ್ತಾದ ಮೇಲೆ, ಅದು ಮೊದಲೇ ಗೊತ್ತಿರಬೇಕಿತ್ತು ಅಂತ ಮನಸ್ಸು ಹಟ ಮಾಡುತ್ತದೆ. ಈ ಹಟಕ್ಕೆ ತರ್ಕ ಹೇಳಿ ಪ್ರಯೋಜನ ಕಡಿಮೆ ಅನ್ನುವುದು ನನಗೆ ಗೊತ್ತು. ಒಂದು ಕೆಲಸ ಮಾಡಿ: ಆ ರಾತ್ರಿ ಫೋನ್ ಎತ್ತಿದ್ದರೆ ನಡೆಯುತ್ತಿದ್ದ ಮಾತುಕತೆಯನ್ನು ಅವಳ ಮಾತು, ನಿಮ್ಮ ಮಾತು ಅಂತ ಬಿಡಿಸಿ ಬರೆಯಿರಿ. ಬಹುಪಾಲು ಜನರ ಹಾಳೆಯಲ್ಲಿ ಬರುವುದು ‘ಊಟ ಆತೇನ, ಏನ್ ಮಾಡಿದ್ದಿ, ಪಾಪು ಮಲಗಿತೇನ’. ಬರೆದ ಮೇಲೆ ತಪ್ಪಿಸಿಕೊಂಡದ್ದು ಇದು ಅಂತಾದರೂ ಗೊತ್ತಾಗುತ್ತದೆ. ಅದಕ್ಕೂ ಅಳು ಬರುತ್ತದೆ, ಆದರೆ ಬೇರೆ ಥರದ ಅಳು.

ಇನ್ನು ಫೋನ್ ಮಾಡುವ ಆ ಟೀಚರ್. ಇದಕ್ಕೆ ನಾನು ಹೆಚ್ಚು ಒತ್ತು ಕೊಡುತ್ತೇನೆ, ಉಳಿದ ಸಲಹೆ ಬಿಟ್ಟರೂ ಇದನ್ನು ಬಿಡಬೇಡಿ. ನಿಮಗೆ ಸಮಾಧಾನ ಹೇಳಲು ಅವರು ಫೋನ್ ಮಾಡುತ್ತಾರೆ ಅಂತ ನೀವು ತಿಳಿದಿದ್ದೀರಿ. ಒಂದು ಸಲ ಅವರ ಕಡೆಯಿಂದ ನೋಡಿ. ವರ್ಷಗಟ್ಟಲೆ ಒಂದೇ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ ಉಂಡವರು, ಸಂಬಳ ತಡವಾದಾಗ ಕೈಗಡ ಕೊಟ್ಟು ತೆಗೆದುಕೊಂಡವರು, ವರ್ಗಾವಣೆ ಪಟ್ಟಿ ಬಂದಾಗ ಒಟ್ಟಿಗೆ ಎದೆ ಹಿಡಿದುಕೊಂಡವರು. ಆ ಗೆಳತಿ ಹೋದಾಗ ಅವರ ಮನೆಗೆ ಯಾರು ಬಂದರು? ಯಾರೂ ಇಲ್ಲ. ಅವರೇ ನಿಮ್ಮ ಮನೆಗೆ ಬಂದು, ಮೂಲೆಯಲ್ಲಿ ಕೂತು, ಚಹಾ ಕುಡಿದು ಎದ್ದು ಹೋಗಿದ್ದಾರೆ. ಗೆಳತಿ ಹೋದ ದುಃಖ ನಿಮಗೊಬ್ಬರಿಗೇ ಗೊತ್ತು ಅಂತ ಬರೆದಿರಿ. ರಾಣೆಬೆನ್ನೂರಿನಲ್ಲಿ ಅದು ಗೊತ್ತಿರುವ ಇನ್ನೊಬ್ಬರಿದ್ದಾರೆ, ನೀವು ಎತ್ತದೆ ಇರುವುದು ಅವರದೇ ಫೋನು.

ಮುಂದಿನ ಸಲ ಎತ್ತಿ. ಏನು ಮಾತಾಡಬೇಕು ಗೊತ್ತಾಗದಿದ್ದರೆ ‘ಟೀಚರ್, ನಿಮಗ ಹೆಂಗ ಅನಸ್ತದ ಅವ್ವ ಇಲ್ಲದ?’ ಅಂತ ಕೇಳಿ. ಅದನ್ನು ಅವರಿಗೆ ಇನ್ನೂ ಯಾರೂ ಕೇಳಿರಲಿಕ್ಕಿಲ್ಲ. ಊರಿಗೆ ಹೋದಾಗ ಅರ್ಧ ದಿನ ಅವರ ಮನೆಯಲ್ಲಿ ಕೂತುಕೊಳ್ಳಿ, ಅವರು ಒಪ್ಪಿದರೆ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಅವ್ವ ಒಳ್ಳೆಯವಳಿದ್ದಳಾ ಅಂತ ಕೇಳಿದರೆ ಒಳ್ಳೆಯವಳು ಅಂತಲೇ ಉತ್ತರ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಇಂಥವನ್ನು ಕೇಳಿ: ಹೆಡ್ ಮಾಸ್ತರರ ಜೊತೆ ಅವ್ವ ಯಾವತ್ತಾದರೂ ಜಗಳ ಆಡಿದ್ದಳಾ? ಮೊದಲ ಸಂಬಳದಲ್ಲಿ ಏನು ಕೊಂಡಳು? ಮನೆಯಲ್ಲಿ ಹೇಳದೆ ನಿಮ್ಮ ಜೊತೆ ಸಿನಿಮಾಕ್ಕೆ ಹೋಗಿದ್ದಳಾ? ಯಾವ ವಿಷಯಕ್ಕೆ ನಿಮ್ಮಿಬ್ಬರಿಗೂ ಮಾತು ನಿಂತಿತ್ತು? ಮಕ್ಕಳಿಗೆ ತಾಯಿಯ ಬದುಕು ಅರ್ಧದಿಂದ ಆಚೆಗೆ ಮಾತ್ರ ಗೊತ್ತು. ನೀವು ಹುಟ್ಟುವ ಮೊದಲಿನ ಹುಡುಗಿ, ಬಸ್ಸಿನಲ್ಲಿ ಕಿಟಕಿ ಸೀಟಿಗೆ ಕರ್ಚೀಫು ಹಾಕಿ ಜಗಳ ಆಡುತ್ತಿದ್ದವಳು, ಈ ಗೆಳತಿಯ ತಲೆಯಲ್ಲಿ ಮಾತ್ರ ಇದ್ದಾಳೆ. ಅವರಿಗೂ ವಯಸ್ಸಾಗಿದೆ.

ಅವರು ಹೇಳುವುದರಲ್ಲಿ ನಿಮಗೆ ಇಷ್ಟವಾಗದ ಸಂಗತಿಯೂ ಬರಬಹುದು. ಅವ್ವ ಹಟಮಾರಿ, ಒಂದು ಮಾತು ಮನಸ್ಸಿಗೆ ಹಾಕಿಕೊಂಡರೆ ವರ್ಷಗಟ್ಟಲೆ ಬಿಡುತ್ತಿರಲಿಲ್ಲ, ಸೊಸೆಯ ವಿಷಯದಲ್ಲಿ ಬಿಗಿ. ಬರಲಿ. ಸತ್ತವರನ್ನು ದೇವರ ಜಗಲಿಗೆ ಏರಿಸಿದ ಮೇಲೆ ಅವರ ಜೊತೆ ಹರಟೆ ಹೊಡೆಯಲು ಆಗುವುದಿಲ್ಲ. ನಿಮ್ಮನ್ನು ರೇಗಿಸಿದ ಅವ್ವನನ್ನೂ ಇಟ್ಟುಕೊಳ್ಳಿ.

ಮಸಾಲಿ ಖಾರದ ಡಬ್ಬಿಗೆ ಬರೋಣ. ಮುಟ್ಟದೆ ಇಟ್ಟರೆ ಅದು ಉಳಿಯುವುದಿಲ್ಲ. ನಿಮ್ಮ ಕಡೆಯ ಮಸಾಲಿ ಖಾರದಲ್ಲಿ ಒಣಕೊಬ್ಬರಿ, ಎಣ್ಣೆಯಲ್ಲಿ ಹುರಿದ ಉಳ್ಳಾಗಡ್ಡಿ, ಬೆಳ್ಳುಳ್ಳಿ ಇರುತ್ತವೆ. ಕೊಬ್ಬರಿಯ ಎಣ್ಣೆ ನಿಧಾನವಾಗಿ ಕಮಟು ಹಿಡಿಯುತ್ತದೆ, ಫ್ರಿಜ್ ಅದನ್ನು ತಡಮಾಡುತ್ತದೆ ಅಷ್ಟೆ. ಈಗಲೇ ಎಂಟು ತಿಂಗಳು ದಾಟಿದೆ. ವಾಸನೆ ಇನ್ನೂ ಸರಿಯಿದ್ದರೆ ಅರ್ಧ ಡಬ್ಬಿ ಊರಿಗೆ ಒಯ್ಯಿರಿ. ಆ ಟೀಚರ್ ಮುಂದೆ, ಖಾರ ಕುಟ್ಟುವಾಗ ಜೊತೆಗಿರುತ್ತಿದ್ದ ಅತ್ತಿಗೆಯೋ ಚಿಕ್ಕವ್ವನೋ ಇದ್ದರೆ ಅವರ ಮುಂದೆ, ಒಂದು ಚಿಟಿಕೆ ನಾಲಿಗೆಗೆ ಇಟ್ಟು ಕೇಳಿ: ಬ್ಯಾಡಗಿ ಎಷ್ಟು, ಗುಂಟೂರು ಎಷ್ಟು? ಕೊತ್ತಂಬರಿ ಮುಂದಿದೆಯೋ ಜೀರಿಗೆಯೋ? ಗಸಗಸೆ ಹಾಕುತ್ತಿದ್ದಳಾ? ಬ್ಯಾಡಗಿ ನಿಮ್ಮ ಮನೆಯಿಂದ ಒಂದು ಬಸ್ಸಿನ ದೂರ. ಬಣ್ಣಕ್ಕೆ ಆ ಮೆಣಸಿನಕಾಯಿ, ಖಾರಕ್ಕೆ ಇನ್ನೊಂದು ಅಂತ ಪ್ರತಿ ಹೆಂಗಸಿಗೂ ತನ್ನದೇ ಒಂದು ಲೆಕ್ಕ ಇರುತ್ತದೆ, ಅದನ್ನು ಯಾರೂ ಬರೆದಿಡುವುದಿಲ್ಲ. ನಾಲ್ಕು ನಾಲಿಗೆ ಸೇರಿದರೆ ಹತ್ತಿರ ಹತ್ತಿರಕ್ಕೆ ಬರಬಹುದು. ಮುಂದಿನ ಬೇಸಿಗೆಯಲ್ಲಿ ಕುಟ್ಟಿಸಿ. ಮೊದಲ ಸಲ ಖಂಡಿತ ಹಾಗೇ ಬರುವುದಿಲ್ಲ, ಅವ್ವನದೂ ಪ್ರತಿ ವರ್ಷ ಒಂದೇ ಥರ ಇರಲಿಲ್ಲ ಅಂತ ಆಗ ಯಾರಾದರೂ ಹೇಳಿಯೇ ಹೇಳುತ್ತಾರೆ. ಉಳಿದ ಅರ್ಧ ಡಬ್ಬಿಯಲ್ಲಿ ಪುಣೆಯಲ್ಲಿ ಎಣ್ಣೆಗಾಯಿ ಪಲ್ಯ ಮಾಡಿ ಉಣ್ಣಿರಿ. ಅವಳು ಕಳಿಸಿದ್ದು ಉಣ್ಣಲಿಕ್ಕೆ.

ದನಿಯ ಹೆದರಿಕೆ ಬಹಳ ಜನಕ್ಕೆ ಇರುತ್ತದೆ. ಮನಸ್ಸಿನಲ್ಲಿ ದನಿಯನ್ನು ಎಬ್ಬಿಸಿಕೊಳ್ಳುವುದು ಕಷ್ಟ, ಕೇಳಿದರೆ ಗುರುತು ಹಿಡಿಯುವುದು ಸುಲಭ. ಇವು ಬೇರೆ ಬೇರೆ ಸಾಮರ್ಥ್ಯ, ಗುರುತು ಹಿಡಿಯುವುದು ಎಷ್ಟೋ ಹೆಚ್ಚು ಕಾಲ ಬಾಳುತ್ತದೆ. ನೆನಪು ಮಾಡಿಕೊಳ್ಳಲು ಹೋಗಿ ದನಿ ಸಿಗದಿದ್ದರೆ ಅದು ಅಳಿಸಿಹೋಯಿತು ಅಂತ ಅರ್ಥವಲ್ಲ. ಕೇಳಿಸಿಕೊಳ್ಳಲು ಏನಾದರೂ ಉಳಿದಿರಬೇಕು, ಅದಕ್ಕೆ ಈ ವಾರವೇ ಮಾಡಬೇಕಾದ ಕೆಲಸವಿದೆ. ಅವಳು ಕಳಿಸಿದ ವಾಟ್ಸಾಪ್ ವಾಯ್ಸ್ ಮೆಸೇಜುಗಳು ನಿಮ್ಮ ಫೋನಿನಲ್ಲೇ ಇರುತ್ತವೆ. ಆಂಡ್ರಾಯ್ಡ್ ಆಗಿದ್ದರೆ ವಾಟ್ಸಾಪ್‌ನ ವಾಯ್ಸ್ ನೋಟ್ಸ್ ಫೋಲ್ಡರಿನಲ್ಲಿ ‘ಓಪಸ್’ ಫೈಲುಗಳಾಗಿ ಸಿಗುತ್ತವೆ. ಚಾಟ್ ತೆರೆದು ಮೀಡಿಯಾ ಸಮೇತ ಎಕ್ಸ್‌ಪೋರ್ಟ್ ಮಾಡಿ, ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಒಂದು ಡ್ರೈವ್‌ನಲ್ಲಿ, ಒಂದು ಅಣ್ಣನಿಗೆ. ಮದುವೆ, ಸೀಮಂತದ ವಿಡಿಯೊಗಳಲ್ಲಿ ಹಿನ್ನೆಲೆಯಲ್ಲಿ ಅವಳು ಯಾರನ್ನೋ ಬೈಯುತ್ತಿರುವುದು ಇರುತ್ತದೆ, ಹುಡುಕಿ. ಬರೀ ‘ಹಲೋ, ಕೇಳಸ್ತದೇನ?’ ಅನ್ನುವ ಮೆಸೇಜನ್ನೂ ಬಿಡಬೇಡಿ.

ಅವಳ ಫೋನಿನ ಬಗ್ಗೆ: ಕರೆ, ಮೆಸೇಜ್, ಡೇಟಾ ಯಾವುದೂ ಇಲ್ಲದೆ 90 ದಿನ ಕಳೆದರೆ ಪ್ರಿಪೇಯ್ಡ್ ಸಿಮ್ ಬಂದ್ ಆಗಬಹುದು, ಆಮೇಲೆ ಆ ನಂಬರು ಬೇರೆಯವರ ಕೈಗೆ ಹೋಗುತ್ತದೆ. ಒಂದು ದಿನ ಅವ್ವನ ನಂಬರಿನ ಡಿಪಿಯಲ್ಲಿ ಯಾವನೋ ಹುಡುಗನ ಬೈಕು ಕಂಡು ಎದೆ ಧಸಕ್ಕೆಂದವರಿದ್ದಾರೆ. ವಾಟ್ಸಾಪ್ ಸಾಮಾನ್ಯವಾಗಿ 120 ದಿನ ಬಳಸದ ಖಾತೆಯನ್ನೂ, ಗೂಗಲ್ ಎರಡು ವರ್ಷ ಮುಟ್ಟದ ಖಾತೆಯನ್ನೂ ಅಳಿಸಬಹುದು. ಹಾಗಾಗಿ ಅವಳ ಫೋಟೊಗಳನ್ನು ಮೊದಲು ಇಳಿಸಿಕೊಳ್ಳಿ. ಅದಾದ ಮೇಲೆ ರೀಚಾರ್ಜ್ ಮುಂದುವರಿಸುವುದೋ ಬಿಡುವುದೋ ನಿಮ್ಮ ಇಷ್ಟ. ವರ್ಷಗಟ್ಟಲೆ ಮಾಡಿಸಿದವರೂ ಇದ್ದಾರೆ, ಒಂದು ದಿನ ತಾವಾಗಿಯೇ ಬಿಟ್ಟವರೂ ಇದ್ದಾರೆ, ಇದರಲ್ಲಿ ರೋಗ ಹುಡುಕುವುದು ಬೇಡ. ಅವಳ ದನಿಯನ್ನು ಎಐಗೆ ಕೊಟ್ಟು ಹೊಸ ಮಾತು ಆಡಿಸುವ ಆ್ಯಪ್‌ಗಳ ಜಾಹೀರಾತು ನಿಮಗೂ ಕಂಡಿರಬಹುದು. ನನ್ನ ಸಲಹೆ ಬೇಡ ಅಂತಲೇ. ಅವಳು ಆಡದ ಮಾತು ಆಡಿದ ಮಾತಿನ ಜೊತೆ ಬೆರೆತರೆ ಆಮೇಲೆ ಬಿಡಿಸುವುದು ಕಷ್ಟ.

ತಿಜೋರಿ. ಅಣ್ಣನ ಮೇಲೆ ಸಿಟ್ಟಾಗಬೇಡಿ. ಅವನು ದಿನಾ ಆ ಮನೆಯಲ್ಲಿ ಆ ತಿಜೋರಿ ನೋಡುತ್ತ ಓಡಾಡುತ್ತಾನೆ, ನೀವು ದೂರದಲ್ಲಿದ್ದೀರಿ. ಕೆಲವರಿಗೆ ಕಣ್ಣ ಮುಂದಿದ್ದರೆ ಸಮಾಧಾನ, ಕೆಲವರಿಗೆ ಇಲ್ಲದಿದ್ದರೆ. ಸಮಯ ಗೊತ್ತುಮಾಡಿಕೊಂಡು ಇಬ್ಬರೂ ಕೂತು ತೆಗೆಯಿರಿ, ಬೇರೆಯವರ ಕೈಯಲ್ಲಿ ಮಾಡಿಸಬೇಡಿ. ರೇಷ್ಮೆ ಸೀರೆಗಳಲ್ಲಿ ಒಂದು ಅತ್ತಿಗೆಗೆ, ಒಂದು ಆ ಟೀಚರ್‌ಗೆ. ಗೆಳತಿಗೆ ಸೀರೆ ಕೊಡುವುದನ್ನು ಮನೆಯವರು ಮರೆಯುವುದೇ ಹೆಚ್ಚು. ದಿನಬಳಕೆಯ ಹತ್ತಿ ಸೀರೆಗಳನ್ನು ಕೌದಿಗೆ ಕೊಡಿ. ನಿಮ್ಮ ಕಡೆ ಕೌದಿ ಹೊಲಿಯುವ ಹೆಂಗಸರು ಇನ್ನೂ ಸಿಗುತ್ತಾರೆ. ಹಳೆಯ ಸೀರೆಗಳನ್ನು ಪದರ ಪದರ ಹಾಸಿ, ಮೇಲೆ ತುಣುಕು ಜೋಡಿಸಿ, ಉದ್ದಕ್ಕೂ ಸಣ್ಣ ಓಟದ ಹೊಲಿಗೆ ಹಾಕುತ್ತಾರೆ. ಯಾವ ಸೀರೆ ಮೇಲೆ ಬರಬೇಕು ಅಂತ ನೀವೇ ಕೂತು ಹೇಳಿ: ಶಾಲೆಗೆ ಉಡುತ್ತಿದ್ದ ತಿಳಿನೀಲಿ, ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿದು ತೂತಾದದ್ದು. ಮಗಳು ಅದನ್ನೇ ಹೊದ್ದು ಮಲಗಲಿ.

ಒಂದು ಸೀರೆ ಮಾತ್ರ ಒಗೆಯದೆ, ಗಾಳಿಯಾಡದ ಜಿಪ್ ಚೀಲದಲ್ಲಿ ಹಾಕಿಡಿ. ಬೇರೆ ಇಂದ್ರಿಯಗಳ ಸುದ್ದಿ ಮೆದುಳಿನ ಥಲಾಮಸ್ ಎಂಬ ಭಾಗ ದಾಟಿ ಮುಂದೆ ಹೋಗುತ್ತದೆ. ವಾಸನೆಯದು ಮಾತ್ರ ಭಾವನೆ, ನೆನಪಿನ ಭಾಗಗಳಿಗೆ ಹತ್ತಿರದ ದಾರಿ. ಅದಕ್ಕೇ ಸೀರೆಯ ಮಡಿಕೆ ಮೂಗಿಗೆ ಹಿಡಿದ ಕೂಡಲೇ ಕಣ್ಣು ತುಂಬುವುದು. ವಾಸನೆ ಆರಿಹೋಗುವ ವಸ್ತು, ದಿನಾ ಬಿಚ್ಚಿದರೆ ಬೇಗ ಖಾಲಿ. ವರ್ಷಕ್ಕೆ ಒಂದೆರಡು ಸಲ ಸಾಕು.

ಮಗಳಿಗೆ ನಿಜ ಹೇಳಿ. ಐದರಿಂದ ಏಳು ವರ್ಷದ ನಡುವೆ ಮಕ್ಕಳಿಗೆ ಸತ್ತವರು ವಾಪಸ್ ಬರುವುದಿಲ್ಲ ಅನ್ನುವುದು ಅರ್ಥವಾಗತೊಡಗುತ್ತದೆ. ‘ಅಜ್ಜಿ ಮಲಗಿದ್ದಾಳೆ’ ಅಂದರೆ ಮಲಗಲು ಹೆದರುವ ಮಕ್ಕಳಿದ್ದಾರೆ, ‘ದೂರದ ಊರಿಗೆ ಹೋಗಿದ್ದಾಳೆ’ ಅಂದರೆ ಅಪ್ಪ ಟೂರಿಗೆ ಹೊರಟಾಗ ಅಳುವವರಿದ್ದಾರೆ. ‘ಅಜ್ಜಿಯ ಮೈ ಕೆಟ್ಟು ಕೆಲಸ ನಿಲ್ಲಿಸಿತು, ಸತ್ತುಹೋದಳು, ಬರುವುದಿಲ್ಲ, ನನಗೂ ಬೇಜಾರಾಗಿದೆ’ ಅಂದರೆ ಆಯಿತು. ಅದನ್ನೇ ಇನ್ನೂ ಹತ್ತು ಸಲ ಕೇಳುತ್ತಾಳೆ, ಹತ್ತು ಸಲವೂ ಅದೇ ಉತ್ತರ ಕೊಡಿ. ಅವಳ ಮುಂದೆ ಕಣ್ಣೀರು ಬಂದರೆ ಒರೆಸಿಕೊಂಡು ಓಡಬೇಡಿ.

ವರ್ಷದ ಕಾರ್ಯದ ಹತ್ತಿರ ಹತ್ತಿರ, ಸುಮ್ಮನೆ ಇದ್ದಕ್ಕಿದ್ದಂತೆ ಮೈ ಭಾರವಾಗುವುದು, ನಿದ್ದೆ ಕೆಡುವುದು ಇರುತ್ತದೆ. ಅದಕ್ಕಿಂತ ಮೊದಲು ಬರುವ ಹಬ್ಬಗಳೂ ಕಷ್ಟವೇ, ಅದರಲ್ಲೂ ನಿಮ್ಮ ಕಡೆಯವರಿಗೆ ನಾಗರ ಪಂಚಮಿ. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬದಲ್ಲಿ ಕರೆಯುವ ಅವ್ವನೇ ಇಲ್ಲದಿದ್ದರೆ ಊರಿನ ದಾರಿಯೇ ಬೇರೆ ಥರ ಕಾಣುತ್ತದೆ. ಆ ವಾರ ಆಫೀಸಿನಲ್ಲಿ ಕೆಲಸ ಹಗುರ ಮಾಡಿಕೊಳ್ಳಿ, ಗಂಡನಿಗೆ ಮೊದಲೇ ಹೇಳಿಡಿ. ನೀವು ಅಳುವುದು ಅವರಿಗೆ ಗೊತ್ತಿದೆಯೋ ಇಲ್ಲವೋ ಅನ್ನುವುದು ಪತ್ರದಲ್ಲಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಾಗಲಿ. ಕಾರ್ಯದ ದಿನ ಪೂಜೆ, ಊಟ ಎಲ್ಲ ಹಿರಿಯರು ಹೇಳಿದಂತೆ ನಡೆಯಲಿ, ಅದರಲ್ಲಿ ಕೈಹಾಕಬೇಡಿ. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂರುವ ಹೊತ್ತನ್ನು ನೀವು ಕೇಳಿ ಪಡೆಯಿರಿ. ಅವಳ ಜೊತೆ ಕೆಲಸ ಮಾಡಿದವರು, ಭಜನೆಗೆ ಬರುತ್ತಿದ್ದವರು, ಅವಳ ಕೈಯಲ್ಲಿ ಕಲಿತು ಈಗ ಮೀಸೆ ಬಂದ ಹುಡುಗರು, ಯಾರಾದರೂ ನಾಲ್ಕು ಜನರನ್ನು ಕೂರಿಸಿ ಒಬ್ಬೊಬ್ಬರು ಒಂದೊಂದು ಪ್ರಸಂಗ ಹೇಳಲಿ. ಮೈಕು, ಫ್ಲೆಕ್ಸು ಬೇಡ. ನಗು ಬಂದರೆ ನಗಲಿ. ಕಾರ್ಯದ ಮನೆಯಲ್ಲಿ ನಗಬಾರದು ಅನ್ನುವ ಒಬ್ಬ ದೊಡ್ಡಪ್ಪ ಎಲ್ಲರ ಮನೆಯಲ್ಲೂ ಇರುತ್ತಾರೆ, ಅವರಿಗೆ ಮೊದಲೇ ಚಹಾ ಕೊಟ್ಟು ಹೇಳಿಡುವುದು ವಾಸಿ.

ಕೊನೆಗೆ, ವೈದ್ಯರನ್ನು ಯಾವಾಗ ಕಾಣಬೇಕು? ಬಿಡದೆ ಉಳಿಯುವ ತೀವ್ರ ದುಃಖಕ್ಕೆ ಈಗ ಪ್ರತ್ಯೇಕ ಹೆಸರು, ಚಿಕಿತ್ಸೆ ಎರಡೂ ಇವೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ಕನಿಷ್ಠ ಆರು ತಿಂಗಳು, 2022ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ದೊಡ್ಡವರಿಗೆ ಕನಿಷ್ಠ ಒಂದು ವರ್ಷ ಕಳೆದಿರಬೇಕು ಅಂತಿದೆ. ತಿಂಗಳು ಎಣಿಸುವುದಕ್ಕಿಂತ ಬದುಕು ಎಷ್ಟು ನಿಂತಿದೆ ಅನ್ನುವುದನ್ನು ನೋಡಬೇಕು, ಅವರವರ ಸಂಸ್ಕೃತಿಯ ವಾಡಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಪ್ತರನ್ನು ಕಳೆದುಕೊಂಡ ದೊಡ್ಡವರಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಹೀಗಾಗಬಹುದು. ಹೆಚ್ಚುಕಡಿಮೆ ದಿನವೂ ಅವಳ ಹಂಬಲದಲ್ಲೇ ಹೊತ್ತು ಹೋಗಿ ಕೆಲಸ, ಅಡುಗೆ, ಮಗು ಯಾವುದೂ ಸಾಗುತ್ತಿಲ್ಲ, ಅವಳಿಲ್ಲ ಅನ್ನುವುದನ್ನೇ ನಂಬಲಾಗುತ್ತಿಲ್ಲ, ಮನಸ್ಸು ಮರಗಟ್ಟಿದೆ, ಅಥವಾ ನಾನೂ ಅವಳ ಹಿಂದೆ ಹೋಗಬೇಕು ಅನ್ನಿಸುತ್ತಿದೆ ಅಂದರೆ ತಡಮಾಡಬೇಡಿ. ಈ ಕೊನೆಯದಕ್ಕೆ ಆರು ತಿಂಗಳು, ವರ್ಷ ಯಾವುದನ್ನೂ ಕಾಯುವಂತಿಲ್ಲ, ಅದೇ ದಿನ ಯಾರಿಗಾದರೂ ಹೇಳಬೇಕು.

ಇದಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆ ಇದೆ, ಸಾಮಾನ್ಯವಾಗಿ ಹದಿನಾರು ಭೇಟಿಗಳದು. ಖಿನ್ನತೆಯ ಮಾತ್ರೆ ಜೊತೆಗಿರುವ ಖಿನ್ನತೆಗೆ ನೆರವಾಗುತ್ತದೆ, ಹಂಬಲವನ್ನು ಅದೊಂದೇ ಕಡಿಮೆ ಮಾಡುವುದಿಲ್ಲ. ಹಾಗಾಗಿ ಬರೀ ನಿದ್ದೆ ಮಾತ್ರೆ ಬರೆಸಿಕೊಂಡು ಬರಬೇಡಿ, ಮಾತಾಡುವ ಚಿಕಿತ್ಸೆ ಇದೆಯೇ ಅಂತ ಕೇಳಿ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಊರಿಗೆ ಬಂದಾಗ ನೇರ ಕಾಣಬೇಕೆಂದರೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ನಿಮಗೆ ಹತ್ತಿರ, ಬೆಂಗಳೂರಿನ ಕಡೆ ಹೋಗುವುದಿದ್ದರೆ ನಿಮ್ಹಾನ್ಸ್. ಹೊರರೋಗಿ ವಿಭಾಗಕ್ಕೆ ಬೆಳಿಗ್ಗೆ ಬೇಗ ಹೋಗಿ, ಇದ್ದರೆ ಹಳೆಯ ವೈದ್ಯಕೀಯ ಕಾಗದ ಒಯ್ಯಿರಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.